ಹಲ್ಲು ಸಾಲು ಮಾಡುವ ಚಿಕಿತ್ಸೆ ಮತ್ತು ಕೃತಕ ಬುದ್ಧಿಮತ್ತೆ: ಪಾಲಕರಿಗೆ ಕೆಲವು ತಿಳಿವಳಿಕೆಯ ಮಾತುಗಳು

(ದಂತ ವಿಭಾಗದಲ್ಲಿ ಪಾಲಕರಿಗಾಗಿ ಏರ್ಪಡಿಸಿದ ಆರೋಗ್ಯ ಶಿಕ್ಷಣ ತರಗತಿಯಲ್ಲಿ ನೀಡಿದ ಉಪನ್ಯಾಸ)



ಇತ್ತೀಚೆಗೆ ಪಾಲಕರು ನಮ್ಮನ್ನು ಒಂದು ಪ್ರಶ್ನೆ ಕೇಳುತ್ತಿರುತ್ತಾರೆ. “ಸಿಸ್ಟರ್, ಈಗ ಕಂಪ್ಯೂಟರೇ ಹಲ್ಲು ನೋಡಿ ಹೇಳುತ್ತದಂತೆ. ಮೊಬೈಲಿನಲ್ಲಿ ಫೋಟೋ ಕಳಿಸಿದರೆ ಸಾಕಂತೆ. ಹಾಗಿದ್ದರೆ ನಾವು ತಿಂಗಳಿಗೊಮ್ಮೆ ಬಸ್ಸು ಹತ್ತಿ ಯಾಕೆ ಬರಬೇಕು?” ದಿನದ ಕೂಲಿ ಬಿಟ್ಟು, ಮಗುವಿಗೆ ಶಾಲೆ ತಪ್ಪಿಸಿ ಬರುವವರು ಹೀಗೆ ಕೇಳುವುದು ನ್ಯಾಯವೇ. ಇಂದು ಇದಕ್ಕೆ ಉತ್ತರ ಹೇಳಲು ಪ್ರಯತ್ನಿಸುತ್ತೇನೆ.

ಹಲ್ಲು ಹೇಗೆ ಸರಿಯುತ್ತದೆ?

ಹಲ್ಲಿನ ಬೇರಿಗೂ ದವಡೆಯ ಎಲುಬಿಗೂ ನಡುವೆ ತೆಳುವಾದ ನಾರಿನ ಪದರವಿದೆ. ತಂತಿ ಹಗುರವಾಗಿ ಒತ್ತಿದಾಗ ಒತ್ತಡ ಬಿದ್ದ ಕಡೆ ಎಲುಬು ಕರಗುತ್ತದೆ, ಎಳೆತ ಬಿದ್ದ ಕಡೆ ಹೊಸ ಎಲುಬು ಕೂಡುತ್ತದೆ. ಹೀಗೆ ಹಲ್ಲು ತಿಂಗಳಿಗೆ ಸುಮಾರು 1 ಮಿ.ಮೀ.ನಷ್ಟು ಸರಿಯುತ್ತದೆ. ಅವಸರಪಟ್ಟು ಹೆಚ್ಚು ಒತ್ತಿದರೆ ಬೇರು ಸವೆಯುವ ಅಪಾಯವಿದೆ. ಎಂಥ ಕಂಪ್ಯೂಟರ್ ಬಂದರೂ ಎಲುಬು ತನ್ನ ನಿಧಾನದಲ್ಲೇ ಕೆಲಸ ಮಾಡುತ್ತದೆ. ಇದನ್ನು ಮೊದಲು ನೆನಪಿನಲ್ಲಿಡಿ.

ಕಂಪ್ಯೂಟರ್ ಮಾಡಬಲ್ಲ ಕೆಲಸಗಳು

1) ಅಳತೆ: ಹಲ್ಲು ಸಾಲು ಮಾಡುವ ತಜ್ಞರನ್ನು ಆರ್ಥೊಡಾಂಟಿಸ್ಟ್ ಎನ್ನುತ್ತಾರೆ. ಅವರು ತಲೆಯ ಪಕ್ಕದಿಂದ ಒಂದು ಎಕ್ಸ್‌ರೇ ತೆಗೆಸುತ್ತಾರೆ. ಈ ಪದ್ಧತಿಯನ್ನು 1931ರಲ್ಲಿ ಅಮೆರಿಕದ ಬ್ರಾಡ್‌ಬೆಂಟ್ ಮತ್ತು ಜರ್ಮನಿಯ ಹೋಫ್ರಾತ್ ಪ್ರಕಟಿಸಿದರು. ಬಹಳ ಕಾಲ ವೈದ್ಯರು ಎಕ್ಸ್‌ರೇ ಮೇಲೆ ಪಾರದರ್ಶಕ ಹಾಳೆ ಇಟ್ಟು, ಕೆಳಗೆ ದೀಪ ಹಚ್ಚಿ, ಮೂಗಿನ ಬುಡ, ಗದ್ದದ ತುದಿ, ದವಡೆಯ ಮೂಲೆ ಮುಂತಾದ ಬಿಂದುಗಳನ್ನು ಪೆನ್ಸಿಲಿನಿಂದ ಗುರುತಿಸಿ ಕೋನಗಳನ್ನು ಅಳೆಯುತ್ತಿದ್ದರು. ಈಗ ಕೃತಕ ಬುದ್ಧಿಮತ್ತೆಯ ತಂತ್ರಾಂಶ ಈ ಬಿಂದುಗಳನ್ನು ಕೆಲವೇ ಕ್ಷಣಗಳಲ್ಲಿ ಗುರುತಿಸುತ್ತದೆ. 2015ರಲ್ಲಿ ಸಂಶೋಧಕರು ಇದಕ್ಕಾಗಿಯೇ ಒಂದು ಸ್ಪರ್ಧೆ ನಡೆಸಿದರು. ಅದರಲ್ಲಿದ್ದ 400 ಎಕ್ಸ್‌ರೇಗಳಲ್ಲಿ ಒಂದೊಂದರಲ್ಲೂ 19 ಬಿಂದುಗಳನ್ನು ಹುಡುಕಬೇಕಿತ್ತು. ವೈದ್ಯರು ಇಟ್ಟ ಗುರುತಿನಿಂದ 2 ಮಿ.ಮೀ. ಒಳಗಿದ್ದರೆ ಒಪ್ಪಬಹುದು ಎಂಬುದು ಅಲ್ಲಿನ ಅಳತೆಗೋಲು. ಆಮೇಲೆ ಈ ವಿದ್ಯೆ ಇನ್ನೂ ಸುಧಾರಿಸಿದೆ.

2) ಯೋಜನೆ: ಪಾರದರ್ಶಕ ಪ್ಲಾಸ್ಟಿಕ್ ಕವಚಗಳಾದ ಅಲೈನರ್‌ಗಳನ್ನು ತಾವು ಜಾಹೀರಾತಿನಲ್ಲಿ ನೋಡಿರಬಹುದು. 1997ರಲ್ಲಿ ಅಮೆರಿಕದಲ್ಲಿ ಆರಂಭವಾದ ಅಲೈನ್ ಟೆಕ್ನಾಲಜಿ ಸಂಸ್ಥೆ ಇವನ್ನು ಕಂಪ್ಯೂಟರ್ ಸಹಾಯದಿಂದ ತಯಾರಿಸಿ ಪ್ರಚಾರಕ್ಕೆ ತಂದಿತು. ಒಂದೊಂದು ಕವಚವೂ ಹಲ್ಲನ್ನು ಸುಮಾರು 0.25 ಮಿ.ಮೀ.ನಷ್ಟು ಸರಿಸುವಂತೆ ಮಾಡಿರುತ್ತಾರೆ. ಯಾವ ಹಲ್ಲು ಮೊದಲು, ಯಾವುದು ಆಮೇಲೆ ಎಂಬ ಕ್ರಮವನ್ನು ತಂತ್ರಾಂಶ ಸೂಚಿಸುತ್ತದೆ. ವೈದ್ಯರು ಅದನ್ನು ತಿದ್ದಿ ಒಪ್ಪಿಗೆ ಕೊಡಬೇಕು.

3) ನಿಗಾ: ಮನೆಯಿಂದ ಕಳಿಸಿದ ಫೋಟೋ ನೋಡಿ ಕವಚ ಸರಿಯಾಗಿ ಕೂತಿಲ್ಲ, ತಂತಿಯ ಬಿಲ್ಲೆ ಕಿತ್ತಿದೆ, ಒಸಡು ಕೆಂಪಾಗಿದೆ ಎಂದು ಎಚ್ಚರಿಸುವ ತಂತ್ರಾಂಶಗಳೂ ಬಂದಿವೆ. ದೂರದ ಹಳ್ಳಿಯವರಿಗೆ ಇದರಿಂದ ಕೆಲವು ಓಡಾಟ ತಪ್ಪಬಹುದು. ಇದನ್ನು ನಾವು ಸ್ವಾಗತಿಸಬೇಕು.

ವೈದ್ಯರೇ ಮಾಡಬೇಕಾದದ್ದು ಏನು?

ಅಳತೆ ತಿಳಿದ ಮೇಲೆ ನಿರ್ಧಾರದ ಮಾತು ಬರುತ್ತದೆ. ಎಕ್ಸ್‌ರೇಯಲ್ಲಿ ಒಂದೇ ಅಳತೆ ಇರುವ ಇಬ್ಬರಿಗೆ ಒಂದೇ ಚಿಕಿತ್ಸೆ ಆಗಬೇಕೆಂದಿಲ್ಲ. ಒಬ್ಬಳಿಗೆ ಇನ್ನೂ ದವಡೆ ಬೆಳೆಯುವ ವಯಸ್ಸು. ಇನ್ನೊಬ್ಬರ ಒಸಡಿನಲ್ಲಿ ರೋಗ. ಒಬ್ಬನಿಗೆ ಬೆರಳು ಚೀಪುವ ಅಭ್ಯಾಸ. ಇನ್ನೊಬ್ಬ ಬಾಯಿಂದ ಉಸಿರಾಡುತ್ತಾನೆ. ಜಾಗ ಮಾಡಲು ಒಳ್ಳೆಯ ಹಲ್ಲನ್ನು ಕೀಳಬೇಕೇ ಬೇಡವೇ ಎಂಬುದನ್ನು ಇವೆಲ್ಲ ನೋಡಿಯೇ ತೀರ್ಮಾನಿಸಬೇಕು. ಕಿತ್ತ ಹಲ್ಲು ಮತ್ತೆ ಬರುವುದಿಲ್ಲ. ಅಲುಗಾಡುವ ಹಲ್ಲನ್ನು ಬೆರಳಿಟ್ಟು ನೋಡಬೇಕು, ಒಸಡಿನ ಆಳವನ್ನು ಸಲಕರಣೆಯಿಂದ ಅಳೆಯಬೇಕು. ಮೊಬೈಲ್ ಫೋಟೋಗೆ ಇವೆರಡೂ ಸಾಧ್ಯವಿಲ್ಲ.

ಇನ್ನೊಂದು ವಿಷಯವಿದೆ. 1948ರಲ್ಲಿ ಡೌನ್ಸ್ ಎಂಬ ಅಮೆರಿಕದ ವೈದ್ಯರು ಮುಖದ ಅಳತೆಗಳ ಒಂದು ಪ್ರಸಿದ್ಧ ಪಟ್ಟಿ ಕೊಟ್ಟರು. ಅದು 20 ಮಂದಿ ಬಿಳಿಯ ಹುಡುಗ ಹುಡುಗಿಯರ ಮುಖದಿಂದ ಪಡೆದದ್ದು. ಆ ಲೆಕ್ಕಕ್ಕೆ ನಮ್ಮ ಮಕ್ಕಳ ಮುಖ ಹೊಂದಲೇಬೇಕೆಂದಿಲ್ಲ. ಅದಕ್ಕಾಗಿಯೇ ನಮ್ಮ ದೇಶದ ವೈದ್ಯರು ನಮ್ಮ ಜನರ ಅಳತೆಗಳನ್ನೂ ಸಂಗ್ರಹಿಸಿದ್ದಾರೆ. ಕೃತಕ ಬುದ್ಧಿಮತ್ತೆಗೂ ಈ ಮಾತು ಅನ್ವಯಿಸುತ್ತದೆ. ಯಾರ ಮುಖ ನೋಡಿ ಅದು ಕಲಿತಿದೆಯೋ ಅವರಿಗೇ ಅದು ಚೆನ್ನಾಗಿ ಹೊಂದುತ್ತದೆ. ಆದ್ದರಿಂದ ಪೆನ್ಸಿಲ್ ಕೆಲಸ ಕಡಿಮೆಯಾದರೂ, ಕಿರಿಯ ವೈದ್ಯರು ಕೈಯಿಂದ ಅಳೆಯುವುದನ್ನು ಕಲಿಯಲೇಬೇಕು. ಕಲಿತವರಿಗಷ್ಟೇ ಯಂತ್ರದ ತಪ್ಪು ಕಾಣುತ್ತದೆ.

ಅಮೆರಿಕದಿಂದ ಒಂದು ಪಾಠ

2014ರಲ್ಲಿ ಅಮೆರಿಕದಲ್ಲಿ ಸ್ಮೈಲ್ ಡೈರೆಕ್ಟ್ ಕ್ಲಬ್ ಎಂಬ ಸಂಸ್ಥೆ ಶುರುವಾಯಿತು. ಜನ ಮನೆಯಲ್ಲೇ ಹಲ್ಲಿನ ಅಚ್ಚು ತೆಗೆದು ಕಳಿಸಿದರೆ ಅಂಚೆಯಲ್ಲಿ ಕವಚಗಳು ಬರುತ್ತಿದ್ದವು. ಬೆಲೆಯೂ ಕಡಿಮೆ. ವೈದ್ಯರು ದೂರದಿಂದಲೇ ಒಪ್ಪಿಗೆ ಕೊಡುತ್ತಿದ್ದರು. 2023ರ ಸೆಪ್ಟೆಂಬರಿನಲ್ಲಿ ಸಂಸ್ಥೆ ದಿವಾಳಿ ಅರ್ಜಿ ಹಾಕಿತು, ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿತು. ಚಿಕಿತ್ಸೆಯ ನಡುವೆ ಇದ್ದವರಿಗೆ ನಿಮ್ಮ ಊರಿನ ದಂತವೈದ್ಯರನ್ನು ಕಾಣಿರಿ ಎಂದು ಹೇಳಿತು. ಕಂತು ಕಟ್ಟುತ್ತಿದ್ದವರಿಗೆ ಕಂತು ಮುಂದುವರಿಸಿ ಎಂದೂ ಹೇಳಿತು. ಅರ್ಧ ಸರಿದ ಹಲ್ಲು ಅವರ ಬಾಯಲ್ಲೇ ಉಳಿಯಿತು, ಕೇಳಲು ಎದುರಿಗೆ ಯಾರೂ ಇರಲಿಲ್ಲ. ಅಗ್ಗವೆಂದು ಒಪ್ಪುವ ಮೊದಲು ಹೊಣೆ ಯಾರದು ಎಂದು ಕೇಳಬೇಕು.

ಚಿಕಿತ್ಸೆಗೆ ಮೊದಲು ತಾವು ಕೇಳಬೇಕಾದ ಪ್ರಶ್ನೆಗಳು

* ನನ್ನ ಮಗುವಿನ ಬಾಯಿಯನ್ನು ಯಾವ ವೈದ್ಯರು ಎದುರಿಗೆ ಕೂರಿಸಿ ಪರೀಕ್ಷಿಸುತ್ತಾರೆ? ಅವರು ಬಿ.ಡಿ.ಎಸ್. ನಂತರ ಈ ವಿಷಯದಲ್ಲಿ ಎಂ.ಡಿ.ಎಸ್. ಮಾಡಿದ್ದಾರೆಯೇ?
* ಕಂಪ್ಯೂಟರಿನ ಯೋಜನೆಯನ್ನು ಅವರೇ ನೋಡಿ ತಿದ್ದುತ್ತಾರೆಯೇ?
* ಫೋಟೋ ಕಳಿಸಿದರೂ ಎಷ್ಟು ದಿನಕ್ಕೊಮ್ಮೆ ಬರಲೇಬೇಕು?
* ನಡುವೆ ನೋವು ಬಂದರೆ, ತಂತಿ ಚುಚ್ಚಿದರೆ ಯಾರಿಗೆ ಫೋನ್ ಮಾಡಬೇಕು?

ಹೀಗೆ ಕೇಳಿದರೆ ವೈದ್ಯರು ಬೇಸರಪಡುವುದಿಲ್ಲ. ಸಂಕೋಚ ಬೇಡ.

ಮಕ್ಕಳೇ, ನಿಮಗೂ ಒಂದು ಮಾತು. ಅಲೈನರ್ ಹಾಕಿಕೊಂಡವರು ದಿನಕ್ಕೆ 20ರಿಂದ 22 ಗಂಟೆ ಅದನ್ನು ಧರಿಸಬೇಕು. ತಂತಿ ಇರುವವರು ಊಟವಾದ ಮೇಲೆ ತಪ್ಪದೆ ಹಲ್ಲುಜ್ಜಬೇಕು. ಚಿಕಿತ್ಸೆ ಮುಗಿದ ಮೇಲೆ ರಿಟೇನರ್ ಬಿಟ್ಟರೆ ಹಲ್ಲು ಹಳೆಯ ಜಾಗಕ್ಕೆ ಮರಳಲು ನೋಡುತ್ತದೆ. ಈ ಕೆಲಸಗಳನ್ನು ನಿಮ್ಮ ಪರವಾಗಿ ಯಾವ ಯಂತ್ರವೂ ಮಾಡುವುದಿಲ್ಲ.

ಪಾಲಕರೇ, ಮುಂದೆ ತಾವು ಆಸ್ಪತ್ರೆಗೆ ಬರುವ ಸಲ ಕಡಿಮೆಯಾಗಬಹುದು. ಆದರೆ ವೈದ್ಯರು ಬರಹೇಳಿದ ದಿನವನ್ನು ಮಾತ್ರ ತಪ್ಪಿಸಬೇಡಿರಿ. ಅಂದು ಅವರು ಫೋಟೋದಲ್ಲಿ ಕಾಣದ್ದನ್ನು ನೋಡುತ್ತಾರೆ. ಸಂಶಯವಿದ್ದವರು ಈಗಲೇ ಕೇಳಿರಿ.