ಕೈ ಕಪ್ಪಾದ್ರೆ ತೊಳೀಬಹುದು, ಕೆಟ್ಟರೆ?

ಇವತ್ತಿನ ಮಾತು ಕೈ ಬಗ್ಗೆ. ಸ್ಪ್ಯಾನರ್ ಹಿಡಿಯೋ ಕೈ, ಚೈನಿಗೆ ಗ್ರೀಸ್ ಹಚ್ಚೋ ಕೈ, ಎಂಜಿನ್ ಆಯಿಲ್ ಇಳಿಸೋ ಕೈ. ನೀವು ಗ್ಯಾರೇಜಿನಲ್ಲಿ ಕೆಲಸ ಮಾಡ್ತಿರಬಹುದು, ಐಟಿಐ ಓದ್ತಿರಬಹುದು, ಇಲ್ಲಾ ಭಾನುವಾರ ಮನೆ ಮುಂದೆ ನಿಮ್ಮ ಬೈಕ್ ಚೈನ್ ಕ್ಲೀನ್ ಮಾಡೋರಿರಬಹುದು. ಮೂವರಿಗೂ ಈ ಮಾತು ಸೇರುತ್ತೆ.

ನಾನು ದಾವಣಗೆರೆಯಲ್ಲಿ ಟೂ ವೀಲರ್ ಮೆಕ್ಯಾನಿಕ್. ಹುಡುಗನಾಗಿ ಗ್ಯಾರೇಜ್ ಸೇರಿದಾಗ ನಮ್ಮ ಮೇಸ್ತ್ರಿ ಮೊದಲ ದಿನವೇ ಒಂದು ಡಬ್ಬಿ ತೋರಿಸಿದ್ರು. ಅದರಲ್ಲಿ ಪೆಟ್ರೋಲ್. ಸಂಜೆ ಎಲ್ಲರೂ ಅದರಲ್ಲೇ ಕೈ ಅದ್ದಿ, ಆಮೇಲೆ ಬಟ್ಟೆ ಸೋಪಿನ ಪುಡಿ ಹಾಕಿ ಉಜ್ಜೋದು. ಎರಡು ನಿಮಿಷಕ್ಕೆ ಕೈ ಬೆಳ್ಳಗೆ. ಎಷ್ಟು ಸಲೀಸು ಅನ್ನಿಸ್ತು! ವರ್ಷಗಟ್ಟಲೆ ಹಾಗೇ ಮಾಡ್ದೆ. ಬೆರಳ ಸಂದಿಯಲ್ಲಿ ಬಿರುಕು ಬಂತು, ಚಳಿಗಾಲದಲ್ಲಿ ರಕ್ತ ಜಿನುಗ್ತಿತ್ತು. ಸಾರು ಕಲಸೋಕೆ ಕೈ ಇಟ್ಟರೆ ಖಾರಕ್ಕೆ ಜೀವ ಹೋದಂಗೆ. ಮನೇಲಿ ಅಮ್ಮ ಚಮಚ ಕೊಟ್ರು. ಮುದ್ದೆನ ಚಮಚದಲ್ಲಿ ತಿನ್ನೋದು ಹೇಗೆ ಹೇಳಿ?

ಆದರೂ ನಾನು ಎಚ್ಚರ ಆಗಲಿಲ್ಲ. ಎಚ್ಚರ ಆಗಿದ್ದು ರೇಷನ್ ಅಂಗಡಿಯಲ್ಲಿ. ಹೆಬ್ಬೆಟ್ಟು ಇಟ್ಟೆ, ಮಷೀನ್ ಒಪ್ಪಲಿಲ್ಲ. ಒರೆಸಿ ಇಟ್ಟೆ, ಇಲ್ಲ. ಹತ್ತೂ ಬೆರಳು ಇಟ್ಟಾಯ್ತು, ಹಿಂದೆ ಕ್ಯೂ ಬೆಳೀತಾ ಹೋಯ್ತು. ಕೊನೆಗೆ ಅಮ್ಮನ್ನ ಕರ್ಕೊಂಡು ಬಂದು ಅಕ್ಕಿ ತಗೊಂಡೆ. ನನ್ನ ಬೆರಳಲ್ಲಿ ಗೆರೆನೇ ಉಳಿದಿಲ್ಲ ಅಂತ ಗೊತ್ತಾಗಿದ್ದು ಆವತ್ತು.

ಹೀಗ್ಯಾಕೆ ಆಗುತ್ತೆ? ನಮ್ಮ ಚರ್ಮದ ಮೇಲ್ಪದರ ಇಟ್ಟಿಗೆ ಗೋಡೆ ಇದ್ದಂಗೆ. ಇಟ್ಟಿಗೆ ನಡುವಿನ ಗಾರೆಯ ಜಾಗದಲ್ಲಿ ದೇಹದ್ದೇ ಕೊಬ್ಬು ಇರುತ್ತೆ. ಪೆಟ್ರೋಲು, ಸೀಮೆಎಣ್ಣೆ, ಥಿನ್ನರ್ ಇವೆಲ್ಲ ಗ್ರೀಸ್ ಕರಗಿಸುತ್ತವೆ ನಿಜ, ಜೊತೆಗೆ ಈ ಗಾರೆಯನ್ನೂ ಕರಗಿಸುತ್ತವೆ. ಚರ್ಮ ಸ್ವಲ್ಪ ಆಮ್ಲೀಯ, ಪಿಎಚ್ ಸುಮಾರು 5. ಬಟ್ಟೆ ಒಗೆಯೋ ಪುಡಿ ನೀರಿಗೆ ಬಿದ್ದರೆ ಪಿಎಚ್ ಸುಮಾರು 10. ಬಟ್ಟೆಗೆ ಅದು ಸರಿ, ಕೈಗೆ ಅಲ್ಲ. ಗೋಡೆ ಸಡಿಲವಾದ ಮೇಲೆ ಆಯಿಲ್ ಇನ್ನೂ ಸುಲಭವಾಗಿ ಒಳಗೆ ಇಳಿಯುತ್ತೆ. ಅಂದ್ರೆ ತೊಳೆಯೋ ನೆಪದಲ್ಲಿ ನಾವೇ ಬಾಗಿಲು ತೆರೆದಿಟ್ಟಂಗೆ.

ಇನ್ನೊಂದು ವಿಷಯ. ಪೆಟ್ರೋಲಿನಲ್ಲಿ ಬೆಂಜೀನ್ ಇರುತ್ತೆ. ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸ್ಪಷ್ಟವಾಗಿ ಹೇಳಿದೆ. ನಮ್ಮ ದೇಶದ ಪೆಟ್ರೋಲಿಗೆ ಶೇ 1ರ ಮಿತಿ ಇಟ್ಟಿರೋದು ಸುಮ್ಮನೆ ಅಲ್ಲ. ಬೆಂಕಿ ಅಪಾಯದ ಬಗ್ಗೆ ಬೇರೆ ಹೇಳಬೇಕಾ?

ಎಣ್ಣೆಯ ಕಥೆ ಹಳೇದು. ಇಂಗ್ಲೆಂಡಿನ ಲಂಕಾಷೈರ್ ಹತ್ತಿ ಗಿರಣಿಗಳಲ್ಲಿ ನೂಲು ತೆಗೆಯೋ ಯಂತ್ರಗಳಿಂದ ಮಿನರಲ್ ಆಯಿಲ್ ಸಿಡಿದು ಕೆಲಸಗಾರರ ಪ್ಯಾಂಟಿನ ಮುಂಭಾಗ ದಿನವಿಡೀ ನೆನೆದಿರುತ್ತಿತ್ತು. ಅವರಲ್ಲಿ ವೃಷಣ ಚೀಲದ ಚರ್ಮದ ಕ್ಯಾನ್ಸರ್ ಕಾಣಿಸಿಕೊಂಡದ್ದನ್ನು 1922ರಲ್ಲಿ ಮ್ಯಾಂಚೆಸ್ಟರಿನ ಇಬ್ಬರು ವೈದ್ಯರು ದಾಖಲಿಸಿದರು. ಈಗಿನ ಹೊಸ ಎಂಜಿನ್ ಆಯಿಲ್ ಅಷ್ಟು ಕೆಟ್ಟದ್ದಲ್ಲ, ಚೆನ್ನಾಗಿ ಶುದ್ಧ ಮಾಡಿರ್ತಾರೆ. ಆದರೆ ಎಂಜಿನ್ನಿನಲ್ಲಿ ಸುಟ್ಟು ಕಪ್ಪಾಗಿ ಇಳಿದ ಆಯಿಲ್ ಬೇರೆ. ಅದರಲ್ಲಿ ಹಾನಿಕರ ರಾಸಾಯನಿಕ ಸೇರಿರುತ್ತವೆ, ಲೋಹದ ಕಣವೂ ಇರುತ್ತೆ. ಅದಕ್ಕೇ ಹೇಳೋದು, ಆಯಿಲ್ ಬಟ್ಟೆ ಪ್ಯಾಂಟ್ ಜೇಬಿನಲ್ಲಿ ತುರುಕ್ಕೊಂಡು ಓಡಾಡಬೇಡಿ. ಒಂದು ಮೊಳೆ ಹೊಡೆದು ಅಲ್ಲಿ ನೇತು ಹಾಕಿ.

ಸರಿ, ಕೆಲಸಕ್ಕೆ ಮೊದಲು ಏನು ಮಾಡ್ಬೇಕು? ಉಂಗುರ, ವಾಚು, ಕೈದಾರ ತೆಗೆದಿಡಿ. ನೈಟ್ರೈಲ್ ಗ್ಲೌಸ್ ಹಾಕಿ, ಸ್ವಲ್ಪ ದಪ್ಪನೆಯದು. ರಬ್ಬರಿನ ಲೇಟೆಕ್ಸ್ ಗ್ಲೌಸ್ ಆಯಿಲಿಗೆ ಉಬ್ಬಿ ಹರಿಯುತ್ತೆ. ನೈಟ್ರೈಲ್ ಆಯಿಲು, ಗ್ರೀಸ್ ತಡೆಯುತ್ತೆ. ಪೆಟ್ರೋಲು ಅದರೊಳಗೆ ಇಳಿದಿದ್ದರೆ ತಕ್ಷಣ ಬಿಚ್ಚಿ, ಯಾಕಂದ್ರೆ ಒಳಗೆ ಸಿಕ್ಕಿಕೊಂಡ ಪೆಟ್ರೋಲು ಬರಿಗೈಗಿಂತ ಜಾಸ್ತಿ ಸುಡುತ್ತೆ.

ಗ್ಲೌಸ್ ಇಲ್ವಾ? ಒಂದು ಹಳೇ ಉಪಾಯ ಇದೆ. ಒದ್ದೆ ಸೋಪಿನ ಬಿಲ್ಲೆಯನ್ನ ಉಗುರಿಂದ ಕೆರೆಯಿರಿ. ಉಗುರಿನೊಳಗೆ ಮೊದಲೇ ಸೋಪು ಕೂತರೆ ಗ್ರೀಸಿಗೆ ಜಾಗ ಇರಲ್ಲ. ಕೈ ಹಿಂಭಾಗಕ್ಕೆ, ಬೆರಳ ಸಂದಿಗೆ ತೆಳ್ಳಗೆ ವ್ಯಾಸಲೀನ್ ಹಚ್ಚಿ. ಅಂಗೈಗೆ ಬೇಡ, ಸ್ಪ್ಯಾನರ್ ಜಾರಿದ್ರೆ ಗೆಣ್ಣು ಒಡೆಯುತ್ತೆ.

ಇಲ್ಲೊಂದು ಮುಖ್ಯವಾದ ಎಚ್ಚರಿಕೆ. ತಿರುಗೋ ವಸ್ತುವಿನ ಹತ್ತಿರ ಗ್ಲೌಸೂ ಶತ್ರುವೇ. ಬೈಕನ್ನ ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಸ್ಟಾರ್ಟ್ ಮಾಡಿ, ಗೇರಿಗೆ ಹಾಕಿ, ಬಟ್ಟೆ ಹಿಡಿದು ಚೈನ್ ಒರೆಸೋ ವಿಡಿಯೋ ನೋಡಿರ್ತೀರಿ. ದಯವಿಟ್ಟು ಮಾಡಬೇಡಿ. ಬಟ್ಟೆಯನ್ನೋ ಗ್ಲೌಸನ್ನೋ ಚೈನು ಎಳ್ಕೊಂಡ್ರೆ ಬೆರಳು ಸ್ಪ್ರಾಕೆಟ್ ಹಲ್ಲಿಗೆ ಹೋಗೋಕೆ ಅರ್ಧ ಕ್ಷಣವೂ ಬೇಡ. ಎಂಜಿನ್ ಆಫ್ ಮಾಡಿ, ಕೀ ತೆಗೆದು ಜೇಬಿಗೆ ಹಾಕ್ಕೊಳ್ಳಿ, ನ್ಯೂಟ್ರಲ್‌ನಲ್ಲಿ ಚಕ್ರವನ್ನ ಕೈಯಿಂದ ನಿಧಾನ ತಿರುಗಿಸಿ, ಸ್ಪ್ರಾಕೆಟ್‌ನಿಂದ ದೂರ ಇರೋ ಭಾಗದಲ್ಲಿ ಬ್ರಷ್ ಹಿಡೀರಿ. ಲೇತು, ಡ್ರಿಲ್ಲಿಂಗ್ ಮಷೀನಿಗೂ ಇದೇ ಮಾತು, ಅಲ್ಲಿ ಗ್ಲೌಸ್ ಬೇಡವೇ ಬೇಡ.

ಕೆಲಸ ಮುಗೀತು. ಈಗ ತೊಳೆಯೋದು. ಮೊದಲು ನಲ್ಲಿ ತಿರುಗಿಸ್ಬೇಡಿ. ಒಣಗಿದ ವೇಸ್ಟ್ ಬಟ್ಟೆಯಲ್ಲಿ ದಪ್ಪ ಗ್ರೀಸ್ ಒರೆಸಿ. ಆಮೇಲೆ ಒಣ ಕೈಗೆ ಒಂದು ಚಮಚ ಕೊಬ್ಬರಿ ಎಣ್ಣೆ, ಅಡುಗೆ ಎಣ್ಣೆ ಆದ್ರೂ ಸರಿ, ಹಾಕಿ ಎರಡು ನಿಮಿಷ ಉಜ್ಜಿ. ಎಣ್ಣೆ ಕರಗೋದು ಎಣ್ಣೆಯಲ್ಲೇ. ಕೈ ಒದ್ದೆ ಇದ್ದರೆ ನೀರು ಅಡ್ಡ ಬರುತ್ತೆ. ಕಪ್ಪು ಬಿಟ್ಟು ಬಂದ ಮೇಲೆ ಮತ್ತೆ ಬಟ್ಟೆಯಲ್ಲಿ ಒರೆಸಿ. ಈಗ ಪಾತ್ರೆ ತೊಳೆಯೋ ಲಿಕ್ವಿಡ್ ಸ್ವಲ್ಪ, ಅದಕ್ಕೆ ಒಂದು ಚಮಚ ಸಕ್ಕರೆ. ಸೋಪಿನ ಕಣದ ಒಂದು ತುದಿ ಎಣ್ಣೆ ಹಿಡಿಯುತ್ತೆ, ಇನ್ನೊಂದು ತುದಿ ನೀರು ಹಿಡಿಯುತ್ತೆ, ಹೀಗೆ ಜಿಡ್ಡು ನೀರಿನ ಜೊತೆ ಹೊರಟು ಹೋಗುತ್ತೆ. ಸಕ್ಕರೆ ಗೆರೆಗಳಲ್ಲಿ ಕೂತ ಕಪ್ಪನ್ನ ಕೆರೆದು, ಕೊನೆಗೆ ತಾನೂ ಕರಗುತ್ತೆ. ಮರಳಿನ ಹಾಗೆ ಗೀರು ಮಾಡಿ ಉಳಿಯಲ್ಲ. ಉಗುರಿಗೆ ಹಳೇ ಟೂತ್ ಬ್ರಷ್. ಸಂದಿಗಳಲ್ಲಿ ಸೋಪು ಉಳಿಯದಂತೆ ತೊಳೆದು, ಒರೆಸಿ, ಎರಡು ಹನಿ ಕೊಬ್ಬರಿ ಎಣ್ಣೆ ಸವರಿ. ಸ್ವಲ್ಪ ಕಪ್ಪು ಗೆರೆ ಉಳಿದ್ರೆ ಉಳೀಲಿ ಬಿಡಿ. ನಾಳೆ ಹೋಗುತ್ತೆ.

ವಾರದ ರಜೆಯಲ್ಲಿ ಕೈ ಗುಣವಾಗಿ, ಕೆಲಸಕ್ಕೆ ಹೋದ ಮೇಲೆ ಮತ್ತೆ ಕೆರೆತ, ಕೆಂಪು, ಬಿರುಕು ಬಂದ್ರೆ ಅದು ಕೆಲಸದಿಂದಲೇ ಬಂದ ಇಸುಬು ಇರಬಹುದು. ಮೆಡಿಕಲ್ ಶಾಪಿನ ಯಾವುದೋ ಮುಲಾಮು ಹಚ್ಕೊಂಡು ತಿಂಗಳುಗಟ್ಟಲೆ ಕೂರಬೇಡಿ, ಚರ್ಮದ ಡಾಕ್ಟರಿಗೆ ತೋರಿಸಿ. ಏನು ಕೆಲಸ, ಯಾವುದರಲ್ಲಿ ಕೈ ತೊಳೀತೀರಿ ಅನ್ನೋದನ್ನೂ ಹೇಳಿ.

ಕೊನೆಯದಾಗಿ ಲಾರಿ, ಜೆಸಿಬಿ ಕೆಲಸದ ಗೆಳೆಯರಿಗೆ. ಗ್ರೀಸ್ ಗನ್, ಡೀಸೆಲ್ ನಾಝಲ್, ಹೈಡ್ರಾಲಿಕ್ ಪೈಪ್ ಇವುಗಳ ಪ್ರೆಷರಿನಲ್ಲಿ ಎಣ್ಣೆ ಚರ್ಮ ತೂರಿ ಒಳಗೆ ಹೋಗಬಲ್ಲದು. ಹೊರಗೆ ಕಾಣೋದು ಸೂಜಿ ಚುಚ್ಚಿದಷ್ಟು, ಮೊದಮೊದಲು ನೋವೂ ಇರಲ್ಲ. ಬೆಳಗ್ಗೆ ನೋಡೋಣ ಅಂತ ಮಲಗಿದ್ರೆ ಬೆರಳೇ ಕಳ್ಕೋಬೇಕಾಗಬಹುದು. ಆ ಕ್ಷಣವೇ ಆಪರೇಷನ್ ಸೌಲಭ್ಯ ಇರೋ ಆಸ್ಪತ್ರೆಗೆ ಹೋಗಿ, 'ಪ್ರೆಷರಿನಲ್ಲಿ ಎಣ್ಣೆ ಒಳಗೆ ಹೋಗಿದೆ' ಅಂತ ಬಾಯಿಬಿಟ್ಟು ಹೇಳಿ. ಲೀಕ್ ಹುಡುಕೋಕೆ ಕೈ ಆಡಿಸಬೇಡಿ, ರಟ್ಟಿನ ತುಂಡು ಹಿಡೀರಿ.

ನನ್ನ ಗ್ಯಾರೇಜಿನಲ್ಲಿ ಈಗ ಪೆಟ್ರೋಲ್ ಡಬ್ಬಿ ಇಲ್ಲ. ಆ ಜಾಗದಲ್ಲಿ ಒಂದು ಬಾಟ್ಲಿ ಎಣ್ಣೆ, ಒಂದು ಡಬ್ಬಿ ಸಕ್ಕರೆ ಇದೆ. ಹೊಸದಾಗಿ ಸೇರಿದ ಹುಡುಗ ಮೊದಲ ದಿನ ಕೇಳ್ದ, 'ಅಣ್ಣ, ಟೀ ಮಾಡೋಕಾ?' ಅಂತ. ಅವನಿಗೆ ನನ್ನ ಹೆಬ್ಬೆಟ್ಟು ತೋರಿಸಿದೆ. ನಿಧಾನಕ್ಕೆ ಗೆರೆ ವಾಪಸ್ ಬಂದಿವೆ. ಹೋದ ಸಲ ರೇಷನ್ ಅಂಗಡಿಯಲ್ಲಿ ಮಷೀನ್ ಒಂದೇ ಸಲಕ್ಕೆ ಒಪ್ಪಿಕೊಳ್ತು.

ನಿಮ್ಮ ಗೆಳೆಯರ ಬಳಗದಲ್ಲಿ ಸ್ಪ್ಯಾನರ್ ಹಿಡಿಯೋರು ಯಾರಾದ್ರೂ ಇದ್ರೆ ಈ ಕಂತನ್ನ ಅವರಿಗೆ ಕಳಿಸಿ.