ಸ್ಟಾರ್ ಎಣಿಸ್ಬೇಡಿ, ಕಾರಣ ಕೇಳಿ

ಶುಕ್ರವಾರ ಮಧ್ಯಾಹ್ನಕ್ಕೇ ಮೊಬೈಲ್ ತುಂಬ ರಿವ್ಯೂ. ಒಬ್ರು ನಾಲ್ಕು ಸ್ಟಾರ್ ಕೊಟ್ರೆ ಇನ್ನೊಬ್ರು ಎರಡು. ಯಾರನ್ನ ನಂಬೋದು?

2025ರ ಜುಲೈ 25ಕ್ಕೆ ಬಂದ ‘ಸು ಫ್ರಮ್ ಸೋ’ ನೆನಪಿದೆಯಲ್ಲ? ಜೆ.ಪಿ. ತುಮಿನಾಡು ಅವರ ನಿರ್ದೇಶನ, ದೊಡ್ಡ ಪ್ರಚಾರ ಇರಲಿಲ್ಲ. ಪೇಯ್ಡ್ ಪ್ರೀಮಿಯರ್ ನೋಡಿದವರ ಬಾಯಿಮಾತು, ವಿಮರ್ಶಕರ ಮೆಚ್ಚುಗೆ ಎರಡೂ ಸೇರಿ ಶೋಗಳು ಹೆಚ್ಚಾದವು.

ಎಲ್ಲ ಸಣ್ಣ ಚಿತ್ರಗಳಿಗೂ ಈ ಅದೃಷ್ಟ ಇರಲ್ಲ. ಮೊದಲ ಮೂರು ದಿನ ಜನ ಬರದಿದ್ರೆ ಸೋಮವಾರದಿಂದ ಶೋ ಕಡಿಮೆ. ಅದಕ್ಕೇ ಸ್ಟಾರ್ ಬಿಟ್ಟು ಕಾರಣ ನೋಡಿ: ಏನು ಹಿಡಿಸಿತು, ಎಲ್ಲಿ ಬೇಸರವಾಯ್ತು ಅಂತ ಬರೆದಿದ್ದಾರಾ? ಅವರಿಗೆ ‘ನಿಧಾನ’ ಅನ್ನಿಸಿದ್ದು ನಿಮಗೆ ಇಷ್ಟವಾಗಬಹುದು. ‘ಓಟಿಟಿಗೆ ಬರ್ಲಿ ಬಿಡು’ ಅಂತ ಎಲ್ಲರೂ ಕಾಯ್ತಾ ಕೂತ್ರೆ, ಅಂಥ ಸಿನಿಮಾ ಥಿಯೇಟರ್‌ನಲ್ಲಿ ಉಳಿಯೋದು ಕಷ್ಟ.