ಕಪ್ಪಾದ ಬೆಳ್ಳಿ ಖೋಟಾ ಏನ್ರಿ?

ಆಳಂದ, ಅಫಜಲಪುರ, ಜೇವರ್ಗಿ ಬಸ್ಸಿನ್ಯಾಗ ಇಯರ್‌ಫೋನ್ ಹಾಕ್ಕೊಂಡು ಕುಂತವರಿಗೆ ಇವತ್ತು ಬೆಳ್ಳಿ ಬಣ್ಣದ ಮಾತು. ಬೆಳ್ಳಿ ಬೆಳ್ಳಗೇ ಇರ್ತದಲ್ಲ ಅಂತೀರಿ. ನೆಲದಾಗ ಇದ್ದಾಗ ಹಂಗಿರೋದು ಅಪರೂಪ.

ಜೇಮ್ಸ್ ಸೋವರ್ಬಿ ಅಂತ ಒಬ್ಬ ಇಂಗ್ಲಿಷ್ ಚಿತ್ರಕಾರ. 1802ರಿಂದ 1817ರವರೆಗೆ ‘ಬ್ರಿಟಿಷ್ ಮಿನರಾಲಜಿ’ ಎಂಬ ಪುಸ್ತಕವನ್ನು ಕಂತು ಕಂತಾಗಿ ಹೊರತಂದ. ಅದರಲ್ಲಿ ಖನಿಜಗಳ ಐನೂರಕ್ಕೂ ಹೆಚ್ಚು ಚಿತ್ರಗಳಿವೆ. ಅದರ ಸ್ಕ್ಯಾನ್ ನನ್ನ ಫೋನಿನಲ್ಲೇ ಇದೆ, ಝೂಮ್ ಮಾಡಿ ನೋಡ್ತಿರ್ತೀನಿ. ಆಗ ಕಲರ್ ಫೋಟೊ ಎಲ್ಲಿ? ತಾಮ್ರದ ತಗಡಿನ ಮೇಲೆ ಗೆರೆ ಕೊರೆದು, ಮಸಿ ಹಚ್ಚಿ ಅಚ್ಚೊತ್ತಿ, ಆಮೇಲೆ ಒಂದೊಂದು ಪ್ರತಿಗೂ ಕುಂಚದಲ್ಲಿ ಬಣ್ಣ ತುಂಬಬೇಕು. ನೂರು ಪ್ರತಿ ಅಂದ್ರ ನೂರು ಸಲ. ಹಿಂಗಾಗಿ ಒಂದೇ ಕಲ್ಲು ಒಂದು ಪ್ರತಿಯಲ್ಲಿ ಗಾಢ, ಇನ್ನೊಂದರಲ್ಲಿ ತಿಳಿ.

ಬೆಳ್ಳಿ ಅಂಥ ಚಿತ್ರಕಾರರಿಗೆ ಭಾಳ ಕಾಡಿಸೋ ವಸ್ತು. ಶುದ್ಧ ಬೆಳ್ಳಿ ತಿರುಚಿದ ತಂತಿಯಂಗ ಸಿಗ್ತದ, ಆದರೆ ಹೊಳಪಿಗೆ ಬಣ್ಣ ಎಲ್ಲಿಂದ ತರೋದು? ಗಂಧಕ ಕೂಡಿದ್ರ ಸೀಸದಂಥ ಕಪ್ಪು. ಗಂಧಕದ ಜೊತೆ ಆಂಟಿಮನಿ ಇಲ್ಲವೇ ಆರ್ಸೆನಿಕ್ ಸೇರಿದ್ರ ದಾಳಿಂಬೆ ಕಾಳಿನ ಕೆಂಪು. ಈ ಕೆಂಪು ಅದಿರು ಬೆಳಕಿಗೆ ಇಟ್ಟರೆ ಕಪ್ಪಾಗ್ತದ, ಅದಕ್ಕೇ ಸಂಗ್ರಹಗಳಲ್ಲಿ ಕತ್ತಲಲ್ಲಿ ಇಡ್ತಾರ. ಅಂದರೆ ಮುಚ್ಚಿದ ಪುಸ್ತಕದೊಳಗಿನ ಚಿತ್ರ ಕೆಲವೊಮ್ಮೆ ಕಲ್ಲಿಗಿಂತ ಹೆಚ್ಚು ನಿಜ ಹೇಳಬಹುದು. ಹಳೆಯ ಚಿತ್ರಗಳಿಗೂ ಒಂದು ಶಾಪ ಇತ್ತು: ಸೀಸದ ಬಿಳಿ ಬಣ್ಣ ಬಳಸಿದ್ದರೆ, ಗಾಳಿಯ ಗಂಧಕ ತಾಗಿ ಅದೂ ಕಪ್ಪಾಗ್ತಿತ್ತು.

ಅದೇ ಗಂಧಕ ನಮ್ಮ ಮನ್ಯಾಗೂ ಅದ. ಅವ್ವನ ಕಾಲ್ಚೈನು, ಅಜ್ಜನ ಲಿಂಗದ ಕರಡಗಿ ಕಪ್ಪಾಗೋದು ಹಿಂಗೇ. ಮೇಲಿನ ಕಪ್ಪು ಪದರ ಬೆಳ್ಳಿ ಸಲ್ಫೈಡ್, ಸೋವರ್ಬಿ ಕಾಲದವರು ಬರೆದ ಕಪ್ಪು ಅದಿರಿನ ವಸ್ತುವೇ. ಅಪ್ಪಟ ಬೆಳ್ಳಿನೂ ಕಪ್ಪಾಗ್ತದ. “ಕಪ್ಪಾಗ್ಯದ, ಅಂದ್ರ ಖೋಟಾ” ಅಂತ ಯಾರಾದ್ರೂ ರೇಟು ಇಳಿಸಿದ್ರ ಸುಮ್ಮನೆ ಕೊಟ್ಟು ಬರಬ್ಯಾಡ್ರಿ. ಕಪ್ಪಾಗಿದ್ದಕ್ಕೇ ಅಪ್ಪಟ ಅಂತಲೂ ಅಲ್ಲ. ಮಷೀನಿನಲ್ಲಿ ಟೆಸ್ಟ್ ಮಾಡಿಸ್ರಿ, ಕರಗಿಸೋಕ ಮುಂಚೆ ನಿಮ್ಮೆದುರಿಗೇ ತೂಗಿಸ್ರಿ.

ಬರೀ ಹೊಳಪು ಬೇಕಾದ್ರ ಪುಡಿ ಹಾಕಿ ತಿಕ್ಕಬ್ಯಾಡ್ರಿ, ಬೆಳ್ಳಿ ಸವೀತದ. ಬೋಗುಣಿಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಅಡುಗೆ ಸೋಡಾ, ಬಿಸಿನೀರು ಹಾಕಿ, ಫಾಯಿಲ್‌ಗೆ ತಾಗೋ ಹಂಗ ಇಡ್ರಿ. ಗಂಧಕ ಬಿಟ್ಟು ಹೋಗ್ತದ, ಬೆಳ್ಳಿ ಉಳೀತದ. ಹರಳು, ಮುತ್ತು ಕೂಡಿಸಿದ್ದನ್ನ ಹಾಕಬ್ಯಾಡ್ರಿ. ಬಿದರಿ ಸಾಮಾನಂತೂ ಬ್ಯಾಡೇ ಬ್ಯಾಡ, ಅದರ ಕಪ್ಪೇ ಅದರ ಅಂದ.

ನಮ್ಮ ಆಳಂದ, ಅಫಜಲಪುರದ ಕರಿಗಲ್ಲಿನಾಗ ಬೆಳ್ಳಿ ಗಣಿ ಇಲ್ಲ. ದೇಶದ ಬೆಳ್ಳಿ ಹೆಚ್ಚಾಗಿ ಬರೋದು ರಾಜಸ್ಥಾನದ ಸೀಸ-ಸತುವಿನ ಗಣಿಗಳಿಂದ. ಸೀಸದ ಆ ಅದಿರು ಬೂದು ಬಣ್ಣದ ಚೌಕ ಚೌಕ ತುಂಡು. ಅದರೊಳಗಿನ ಬೆಳ್ಳಿಯನ್ನ ಯಾವ ಕುಂಚವೂ ಬರೆಯಲಾರದು, ಯಾಕಂದ್ರ ಕಣ್ಣಿಗೆ ಕಾಣಿಸೋದೇ ಇಲ್ಲ.